ಟೆನ್ಷನ್ ಅಣ್ಣನಿಗಷ್ಟೇ ಇದೆಯೇ?

ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್... ಬಿಇ ಓದುವವರ ತಲೆ ಸದಾ ಬಿಸಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರಿಗೆ ಬೇಸಿಗೆಯಲ್ಲಿ ಇದಕ್ಕೊಂದು ಪುಕ್ಕಟೆ ಮದ್ದಿದೆ: ಈಜು. ಕೃಷ್ಣಾ, ದೂಧಗಂಗಾ ಹೊಳೆಗಳಿವೆ, ಹೊಲದ ಬಾವಿಗಳಿವೆ. ಏಪ್ರಿಲ್ ಬಿಸಿಲುಂಡ ಬಾವಿಯ ಮೇಲ್ನೀರು ಸಂಜೆಗೆ ಬೆಚ್ಚಗಿರುತ್ತದೆ. ಬೆಚ್ಚನೆ ನೀರು ಹಗುರ, ಮೇಲೇ ಉಳಿಯುತ್ತದೆ. ಕಾಲಿಗೆ ಮಾತ್ರ ತಂಪು ತಾಕುತ್ತದೆ.

ಆ ನೀರಲ್ಲಿ ಮನಸ್ಸು ಹಗುರಾಗುವುದಕ್ಕೆ ಕಾರಣವಿದೆ. ಕುತ್ತಿಗೆಮಟ್ಟ ಇಳಿದರೆ, ಆರ್ಕಿಮಿಡೀಸ್ ಹೇಳಿದ ತೇಲುವ ಬಲ ಮೈಭಾರದ ಸುಮಾರು ಶೇ 90ರಷ್ಟನ್ನು ಹೊರುತ್ತದೆ. ಸೊಂಟ, ಮಂಡಿಗೆ ಬಿಡುವು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುವುದರಿಂದ ಬಿಗಿದ ಸ್ನಾಯು ಬೇಗ ಸಡಿಲುತ್ತದೆ. ಗಮನ ಉಸಿರಿನ ಲಯಕ್ಕೆ ಹೋದರೆ ಚಿಂತೆಗೆ ಜಾಗ ಕಡಿಮೆ. ಫಿಸಿಯೋಥೆರಪಿಯಲ್ಲಿ ಸಾಮಾನ್ಯವಾಗಿ 33ರಿಂದ 36 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ವ್ಯಾಯಾಮ ಮಾಡಿಸುವುದೂ ಇದಕ್ಕೇ.

ನಾನೂ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಅಣ್ಣನ ಜೊತೆ ಬಾವಿಯಲ್ಲೇ ಈಜು ಕಲಿತವಳು. ಹೈಸ್ಕೂಲಿಗೆ ಬಂದಮೇಲೆ ‘ಮಂದಿ ಏನಂದಾರು’ ಎಂದು ಮನೆಯಲ್ಲಿ ನಿಲ್ಲಿಸಿದರು. ಅಣ್ಣ ಇವತ್ತಿಗೂ ಹೋಗುತ್ತಾನೆ. ಪರೀಕ್ಷೆ ಇಬ್ಬರಿಗೂ ಇದೆ, ನಿದ್ದೆ ಇಬ್ಬರದೂ ಕೆಡುತ್ತದೆ.

ದಿನವಿಡೀ ಕೂತು ಬೀಡಿ ಕಟ್ಟುವ ನಿಪ್ಪಾಣಿಯ ಅಕ್ಕಂದಿರ, ಕಬ್ಬಿನ ಹೊಲದಲ್ಲಿ ಬಗ್ಗಿ ದುಡಿಯುವ ಅವ್ವಂದಿರ ಸೊಂಟಕ್ಕೂ ಈ ನೀರು ಬೇಕು. ತಾಲ್ಲೂಕಿಗೊಂದು ಈಜುಕೊಳ, ಅದರಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೊಂದು ತಾಸು, ಕಲಿಸಲು ಒಬ್ಬ ಮೇಡಂ. ಇದು ಅತಿಯಾಸೆಯೇನಲ್ಲ.

ಅಲ್ಲಿಯವರೆಗೆ ಗೆಳತಿಯರೇ, ಬಕೆಟ್ ಬಿಸಿನೀರಲ್ಲಿ ಪಾದ ಇಳಿಬಿಟ್ಟು ಭುಜ, ಕುತ್ತಿಗೆಯನ್ನು ನಿಧಾನ ತಿರುಗಿಸಿ. ಗೆಳೆಯರೇ, ಒಬ್ಬರೇ ಹೊಳೆಗಿಳಿಯಬೇಡಿ. ಕೃಷ್ಣೆಯಲ್ಲಿ ಸುಳಿಯೂ ಇದೆ, ಮೊಸಳೆಯೂ ಇದೆ. ಬಾವಿಗೆ ಹೋಗುವಾಗ ತಂಗಿಯನ್ನೂ ಕರೆಯಿರಿ.