ಷರೀಫರ ಶೋಕದ ಪದಗಳು



ಶಿಶುನಾಳ ಷರೀಫರ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಕೋಳಿಯು ಕೋತಿಯನ್ನು ನುಂಗಿತೆಂಬಂಥ ಒಗಟು, ತಾರದೆ ಬಿಡದ ಕುಣಿತದ ಲಯ, ಅದರ ಹಿಂದೆ ಅಡಗಿದ ಜ್ಞಾನ: ಇವು ಅಲ್ಲಮನ ಬೆಡಗಿನ ವಚನಗಳ ಕಾಲದಿಂದ ನಮಗೆ ಪರಿಚಿತವಾದ ಸಂಗತಿಗಳು. ಆದರೆ ನಾನಿಂದು ಮಾತನಾಡಹೊರಟಿರುವುದು ಅದೇ ಷರೀಫರ ಅಳುವ ಪದಗಳನ್ನು ಕುರಿತು.

ನಾನು ನಿವೃತ್ತನಾಗಿ ನೆಲೆಸಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಲ್ಲಿ. ಬಂಡೀಪುರದ ಕಾಡಿನ ಅಂಚು. ಸುಲ್ತಾನ್ ಬತ್ತೇರಿಯತ್ತ ಸಾಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ವಾಹನ ಸಂಚಾರಕ್ಕೆ ನಿಷೇಧವಿದೆ. ಒಂಬತ್ತು ಗಂಟೆಯ ಮೇಲೆ ಇಲ್ಲಿ ಆವರಿಸುವ ನಿಶ್ಶಬ್ದ ಹಾಡು ಕೇಳುವವನಿಗೆ ದೊರೆತ ವರವೇ ಸರಿ. ಕಳೆದ ಮಳೆಗಾಲದ ಆ ರಾತ್ರಿಗಳಲ್ಲಿ ನನ್ನ ಬಳಿಯಿರುವ ಷರೀಫರ ಧ್ವನಿಸುರುಳಿಗಳನ್ನೆಲ್ಲ ಮೊದಲಿನಿಂದ ಕೇಳಿದೆ. ಕೇಳಿದ ಮೇಲೆ ಮುಪ್ಪು, ಮರಣ, ಅಗಲಿಕೆಗಳ ಪದಗಳನ್ನು ಮಾತ್ರ ಒಂದೆಡೆ ಕೂಡಿಸಿಕೊಂಡು, ಅವನ್ನು ಮತ್ತೊಮ್ಮೆ ಆಲಿಸಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಬಾಳಿ, 1889ರಲ್ಲಿ ಮರೆಯಾದ ಷರೀಫರ ಕಂಠವನ್ನು ಯಾವ ಯಂತ್ರವೂ ಹಿಡಿದಿಡಲಿಲ್ಲ. ಭಜನೆಯ ಮೇಳಗಳ ನಾಲಿಗೆಯ ಮೇಲೆ ಆ ಪದಗಳು ಉಳಿದವು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ದಿಂದ ಕನ್ನಡದಲ್ಲಿ ಭಾವಗೀತೆಗಳ ಧ್ವನಿಸುರುಳಿಯ ಯುಗ ಮೊದಲಾಯಿತು. ಅನಂತರ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿ, ಸಿ. ಅಶ್ವತ್ಥರ ರಾಗಸಂಯೋಜನೆ, ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕಂಠ ಇವು ಕೂಡಿ ಷರೀಫರನ್ನು ಪಟ್ಟಣದ ಮನೆಗಳಿಗೆ ಕರೆತಂದವು. 1990ರಲ್ಲಿ ನಾಗಾಭರಣರ ಚಲನಚಿತ್ರ ಅದನ್ನು ಇನ್ನಷ್ಟು ವ್ಯಾಪಕಗೊಳಿಸಿತು. ಆದುದರಿಂದ ನಾವು ಕೇಳುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಮಾತು, ಇಪ್ಪತ್ತನೆಯ ಶತಮಾನದ ಧಾಟಿ. ತೀರ್ಪು ಕೊಡುವವನು ಎರಡನ್ನೂ ತೂಗಬೇಕು.

ಮೊದಲು ಧಾಟಿಯ ಕೊರತೆಯನ್ನೇ ಹೇಳಿಬಿಡುತ್ತೇನೆ. ತತ್ತ್ವಪದ ಮೂಲತಃ ಒಬ್ಬನ ಹಾಡಲ್ಲ. ಒಬ್ಬ ಎತ್ತಿಕೊಟ್ಟರೆ ಮೇಳ ಅದನ್ನು ಹೊತ್ತುಕೊಳ್ಳುತ್ತದೆ. ನಮ್ಮ ಸೀಮೆಯ ನೀಲಗಾರರು ಮಂಟೇಸ್ವಾಮಿಯ ಕತೆಯಲ್ಲಿ ಸಿದ್ದಪ್ಪಾಜಿಯ ಕಷ್ಟಗಳ ಭಾಗಕ್ಕೆ ಬಂದಾಗ ತಂಬೂರಿ, ಗಗ್ಗರ, ದಮ್ಮಡಿಗಳು ನಿಲ್ಲುವುದಿಲ್ಲ. ಹಿಮ್ಮೇಳ ದುಃಖಕ್ಕೆ ಹೆಗಲು ಕೊಡುತ್ತದೆ. ಧ್ವನಿಸುರುಳಿಯಲ್ಲಾದರೋ ವಾದ್ಯವೃಂದ ಹಿಂದೆ ಸರಿದು, ಗಾಯಕನೊಬ್ಬನೇ ಶೋಕದೊಡನೆ ಉಳಿಯುತ್ತಾನೆ. ಒಂದಾದ ಮೇಲೊಂದು ಹಾಡನ್ನು ಹೀಗೆ ಕೇಳಿದರೆ ಮನಸ್ಸು ದಣಿಯುತ್ತದೆ. ನಾಲ್ಕನೆಯದು ಮೂರನೆಯದರ ನೆರಳಿನಂತೆ ತೋರುತ್ತದೆ. ಇದು ನಿಜವಾದ ದೋಷ.

ಆದರೆ ಮಾತಿನ ಬಲ ಬೇರೆ. ಸೋರುವ ಮಾಳಿಗೆಯ ಪದವನ್ನು ತೆಗೆದುಕೊಳ್ಳಿ. ಮನೆಯೆಂದರೆ ದೇಹ, ಸೋರಿಕೆಯೆಂದರೆ ಅಜ್ಞಾನ ಎಂದು ನಾನು ತರಗತಿಯಲ್ಲಿ ಎರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದೆ. ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಮಣ್ಣಿನ ಮಾಳಿಗೆಯ ಆತಂಕ ತಿಳಿದಿರಲಿಲ್ಲ. ಧಾರವಾಡದ ಕಡೆಯ ಮಾಳಿಗೆ ಮಳೆಗೆ ಮುನ್ನ ಆರೈಕೆ ಬೇಡುತ್ತದೆ. ತಪ್ಪಿದರೆ ನೀರು ಮಣ್ಣಿನೊಳಗಿಳಿದು ಮರವನ್ನು ತಿನ್ನುತ್ತದೆ. ಕತ್ತಲಲ್ಲಿ ಮೇಲೇರಿ ದುರಸ್ತಿ ಮಾಡಲಾರದವನ ಅಸಹಾಯಕತೆ ಮೊದಲು ಮೈಗೆ ತಟ್ಟಬೇಕು, ಆಮೇಲೆ ತತ್ತ್ವ. ಅಶ್ವತ್ಥರ ಏರುದನಿ ಈ ಕ್ರಮವನ್ನು ಅರಿತಿತ್ತು. ಅಧ್ಯಾಪಕನಾದ ನಾನು ಅರಿತಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ನಾನು 1991ರಲ್ಲಿ ಮಾಡಿದೆ. ನನ್ನ ತಂಗಿಯ ಮದುವೆ. ಹೆಣ್ಣನ್ನು ಕಳುಹಿಸಿಕೊಡುವ ಹೊತ್ತಿಗೆ ಚಪ್ಪರದ ಧ್ವನಿವರ್ಧಕದಲ್ಲಿ ಯಾರೋ, ಅಳುವ ತಂಗಿಯನ್ನು ಸಂತೈಸುವ ಷರೀಫರ ಪದವನ್ನು ಹಾಕಿದರು. ಕಳುಹಲು ಬಂದವರಲ್ಲಿ ಅವಳನ್ನು ಉಳಿಸಿಕೊಳ್ಳಬಲ್ಲವರು ಯಾರೂ ಇಲ್ಲ ಎಂಬುದು ಅದರ ಸಾರ. ಜೀವ ದೇಹವನ್ನು ಬಿಟ್ಟು ಹೊರಡುವುದಕ್ಕೆ ಅದು ರೂಪಕ. ಎಂ.ಎ. ಮುಗಿಸಿ ಪಾಠ ಹೇಳುತ್ತಿದ್ದ ನಾನು ಓಡಿಹೋಗಿ, ‘ಇದು ಸಾವಿನ ಹಾಡು, ಅಪಶಕುನ’ ಎಂದು ಅದನ್ನು ನಿಲ್ಲಿಸಿದೆ. ಅಕ್ಷರ ಬಾರದ ನನ್ನ ತಾಯಿ ಅಂದು ಹೇಳಿದ್ದು ಇಷ್ಟೆ: ‘ಸಾವಿನದೂ ಹೌದು, ಮದುವೇದೂ ಹೌದು. ನಾನು ಬಂದ ದಿನ ನನಗೂ ಹಂಗೇ ಅನ್ನಿಸಿತ್ತು.’

ಆ ಮಾತಿನ ಅರ್ಥ ನನಗಾಗಲು ಮೂರು ದಶಕಗಳೇ ಬೇಕಾದವು. ರೂಪಕದ ತಿರುಳು ಕೈಗೆ ಸಿಕ್ಕಿತೆಂದು ನಾನು ಆ ಹೆಣ್ಣುಮಗಳನ್ನೇ ಸಿಪ್ಪೆಯಂತೆ ಎಸೆದುಬಿಟ್ಟಿದ್ದೆ. ತವರನ್ನು ಬಿಡುವ ಸಂಕಟ ಸಾವಿನಷ್ಟೇ ದಿಟವೆಂದು ಷರೀಫರು ಬಲ್ಲವರಾಗಿದ್ದುದರಿಂದಲೇ ಸಾವನ್ನು ಹೇಳಲು ಅದನ್ನು ಆರಿಸಿದರು. ಒಂದು ಸುಳ್ಳಾದರೆ ಇನ್ನೊಂದೂ ಸುಳ್ಳು. ಸುಬ್ಬಣ್ಣನವರು ಈ ಪದವನ್ನು ಉಪದೇಶದ ದನಿಯಲ್ಲಿ ಹಾಡಲಿಲ್ಲ; ಮನೆಯ ಹಿರಿಯನೊಬ್ಬ ಮಗುವಿನ ತಲೆ ನೇವರಿಸುವಂತೆ ಹಾಡಿದರು. ಆ ವಿವೇಕ ಶಾಸ್ತ್ರಜ್ಞಾನದಿಂದ ಬರುವಂಥದಲ್ಲ.

ಹಾಗಾದರೆ ತೀರ್ಪೇನು? ನಗೆಯ ಪದಗಳಷ್ಟು ವೈವಿಧ್ಯ ಈ ಶೋಕದ ಪದಗಳ ಗಾಯನದಲ್ಲಿಲ್ಲ. ಇವನ್ನು ಒಂದೇ ಬೈಠಕಿನಲ್ಲಿ ಕೇಳಬಾರದು, ಒಂದೊಂದಾಗಿ ಕೇಳಬೇಕು. ಆದರೂ ಷರೀಫರ ನಗುವಿಗೆ ತೂಕ ಬಂದಿರುವುದು ಇವುಗಳಿಂದ. ಅಳುವನ್ನು ಬಲ್ಲವನ ನಗುವೆಂದೇ ಅದು ನೂರಕ್ಕೂ ಹೆಚ್ಚು ವರ್ಷ ಬಾಳಿತು.

ನನ್ನ ತಾಯಿ ಈಗಿಲ್ಲ. ಮೊನ್ನೆ ತಂಗಿ ಮದ್ದೂರಿಗೆ ಬಂದಿದ್ದಳು. ರಾತ್ರಿ ಹೆದ್ದಾರಿ ಮೌನವಾದ ಮೇಲೆ, ಅಂದು ಅರ್ಧಕ್ಕೆ ನಿಲ್ಲಿಸಿದ ಪದವನ್ನು ಕೊನೆಯವರೆಗೆ ಹಾಕಿದೆ. ಇಬ್ಬರೂ ಸುಮ್ಮನೆ ಕೇಳಿದೆವು.