ಸಬ್ಬತ್ ದಿನ ಬಸ್ಸು ಓಡಬೇಕೆ?

ಶುಕ್ರವಾರ ಹೊತ್ತು ಮುಳುಗುವ ಮೊದಲೇ ಇಸ್ರೇಲಿನ ಬಹುತೇಕ ಊರುಗಳಲ್ಲಿ ಬಸ್ಸು ನಿಲ್ಲುತ್ತದೆ. ಮತ್ತೆ ಹೊರಡುವುದು ಶನಿವಾರ ಕತ್ತಲಾಗಿ, ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ ಮುಗಿದ ಮೇಲೆ. ಹೈಫಾದಲ್ಲಿ ಆಗಲೂ ಕೆಲವು ಬಸ್ಸುಗಳು ಓಡುತ್ತವೆ. ದೇಶ ಹುಟ್ಟುವ ಮೊದಲೂ ಅಲ್ಲಿ ಓಡುತ್ತಿದ್ದವಂತೆ, ಅದಕ್ಕೇ ಈಗಲೂ! ಟೆಲ್ ಅವೀವ್ 2019ರಲ್ಲಿ ತನ್ನದೇ ವಾರಾಂತ್ಯದ ಬಸ್ಸು ಬಿಟ್ಟಿತು. ಟಿಕೆಟ್ ಹಣ ಪಡೆದರೆ ಸರ್ಕಾರದ ಪರವಾನಗಿ ಬೇಕು. ಹಾಗಾಗಿ ಪ್ರಯಾಣ ಉಚಿತ.

ಈ ಗೋಜಲಿನ ಮೂಲ 1947ರ ಜೂನ್‌ನ ಒಂದು ಪತ್ರ. ಅಲ್ಲಿನ ಭವಿಷ್ಯ ಪರಿಶೀಲಿಸಲು ವಿಶ್ವಸಂಸ್ಥೆಯ ಸಮಿತಿ ಪ್ಯಾಲೆಸ್ಟೈನ್‌ಗೆ ಬಂದಿದ್ದ ಹೊತ್ತು. ಯಹೂದಿಗಳೊಳಗಿನ ಒಡಕು ಅದರ ಕಣ್ಣಿಗೆ ಬೀಳಬಾರದೆಂದು ಯಹೂದಿಗಳ ಅಂದಿನ ನಾಯಕ ಬೆನ್ ಗುರಿಯನ್, ಕಟ್ಟಾ ಧಾರ್ಮಿಕರ ಪಕ್ಷ ಅಗುದತ್ ಇಸ್ರಾಯೇಲ್‌ಗೆ ಭರವಸೆ ಬರೆದುಕೊಟ್ಟರು: ವಾರದ ರಜೆ ಸಬ್ಬತ್‌ಗೆ, ಸರ್ಕಾರಿ ಅಡುಗೆಮನೆಗಳಲ್ಲಿ ಧರ್ಮದ ನಿಯಮಕ್ಕೆ ತಕ್ಕ ಕೋಷರ್ ಊಟ, ಮದುವೆಯ ವಿಷಯದಲ್ಲಿ ಧಾರ್ಮಿಕರ ಆಳವಾದ ಅಗತ್ಯಕ್ಕೆ ಮನ್ನಣೆ, ಶಿಕ್ಷಣದಲ್ಲಿ ಅವರವರ ಶಾಲೆಗಳಿಗೆ ಸ್ವಾಯತ್ತತೆ. ವಿವರ ಎಲ್ಲೂ ಇರಲಿಲ್ಲ. ಆ ಅಸ್ಪಷ್ಟತೆಯೇ ಅಂದು ಬೇಕಿತ್ತು, ಇಂದು ಕಾಡುತ್ತಿರುವುದೂ ಅದೇ.

ಆ ಗೋಜಲನ್ನು ಬಿಡಿಸಲು ಹೊರಟವರು ಇಬ್ಬರು. ಒಬ್ಬರು ಹೀಬ್ರೂ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ರೂತ್ ಗವಿಸನ್, ಸೆಕ್ಯುಲರ್. ಇನ್ನೊಬ್ಬರು ಧರ್ಮಪಾಠಶಾಲೆಯ ಗುರು, ರಬ್ಬಿ ಯಾಕೋವ್ ಮೆದಾನ್. 2003ರಲ್ಲಿ ಪ್ರಕಟವಾದ ಅವರ ಕರಾರಿನ ಸೊಗಸು ಇರುವುದು ಕೊಡು-ಕೊಳ್ಳುವಿಕೆಯ ಲೆಕ್ಕಾಚಾರದಲ್ಲಿ. ಸಬ್ಬತ್ ದಿನ ವ್ಯಾಪಾರ, ಕಾರ್ಖಾನೆ ಬಂದ್. ಆದರೆ ಊಟದ ಹೋಟೆಲ್, ರಂಗಮಂದಿರ, ಸಿನಿಮಾ ತೆರೆದಿರಲಿ, ಒಂದಿಷ್ಟು ಬಸ್ಸೂ ಓಡಲಿ. ಅಂಗಡಿಯ ನೌಕರನಿಗೆ ವಿಶ್ರಾಂತಿ ಸಿಗಬೇಕೆನ್ನುವುದು ಸೆಕ್ಯುಲರ್‌ಗಳಿಗೂ ಒಪ್ಪಿಗೆಯಾಗಬಹುದಾದ ಮಾತು. ರಬ್ಬಿಗಳ ಕೈಯಲ್ಲೇ ಇರುವ ಯಹೂದಿ ಮದುವೆ ಇನ್ನು ಹೇಗಾದರೂ ಆಗಲಿ, ಸರ್ಕಾರ ನೋಂದಾಯಿಸಲಿ. ಆದರೆ ಹಿಂದಿನ ಮದುವೆ ಧರ್ಮದ ಪ್ರಕಾರವೂ ಕಳೆದಿರಬೇಕು. ರಬ್ಬಿಗಳ ನಿಜವಾದ ಭಯ ಇದ್ದುದು ಇಲ್ಲೇ: ಧಾರ್ಮಿಕ ವಿಚ್ಛೇದನವಿಲ್ಲದೆ ಮರುಮದುವೆಯಾದ ಹೆಣ್ಣಿನ ಮಕ್ಕಳಿಗೆ ಧರ್ಮಶಾಸ್ತ್ರ ಕಳಂಕ ಹೊರಿಸುತ್ತದೆ. ಎದುರಾಳಿಯ ಪಟ್ಟಿಯಲ್ಲಿ ಯಾವುದು ಪ್ರಾಣ, ಯಾವುದು ಬರೀ ಪ್ರತಿಷ್ಠೆ ಎಂದು ಇಬ್ಬರೂ ಕೂತು ಜಾಲಿಸಿದ್ದರು.

ಕರಾರು ಕಾನೂನಾಗಲಿಲ್ಲ. ಸಮ್ಮಿಶ್ರ ಸರ್ಕಾರಗಳ ಕೀಲಿಕೈ ಹಿಡಿದ ಕಟ್ಟಾ ಧಾರ್ಮಿಕ ಪಕ್ಷಗಳಿಗೆ ಇರುವ ಸ್ಥಿತಿಯಲ್ಲೇ ಲಾಭ ಕಂಡಿತು. ಕೋರ್ಟಿನಲ್ಲಿ ಗೆಲ್ಲುತ್ತೇವೆಂದುಕೊಂಡ ಸೆಕ್ಯುಲರ್‌ಗಳಿಗೂ ಆತುರವಿರಲಿಲ್ಲ. ಗವಿಸನ್ 2020ರಲ್ಲಿ ತೀರಿಕೊಂಡರು.

ನನಗನಿಸುವಂತೆ ಹೆಚ್ಚು ಕಳೆದುಕೊಂಡವರು ಧಾರ್ಮಿಕರೇ. ಮಾತುಕತೆಯಲ್ಲಿ ಬೆಲೆ ಪಡೆದು ಬಿಟ್ಟುಕೊಡಬಹುದಾಗಿದ್ದನ್ನು ಪುಕ್ಕಟೆಯಾಗಿ ಬಿಟ್ಟುಕೊಡುತ್ತಿದ್ದಾರೆ. 2017ರಲ್ಲಿ ಟೆಲ್ ಅವೀವ್‌ನ ಕಿರಾಣಿ ಅಂಗಡಿಗಳು ಸಬ್ಬತ್ ದಿನ ಬಾಗಿಲು ತೆರೆಯಲು ಸುಪ್ರೀಂ ಕೋರ್ಟ್ ಒಪ್ಪಿತು. ರಬ್ಬಿಗಳ ಮಂಟಪ ಬೇಡವೆನ್ನುವ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬಂದು ನೋಂದಣಿ ಮಾಡಿಸುವುದು ಹಳೆಯ ರೂಢಿ. ಈಗ ವಿಮಾನದ ಖರ್ಚೂ ಇಲ್ಲ: ಇಸ್ರೇಲಿನ ಮನೆಯಲ್ಲೇ ಕೂತು, ಅಮೆರಿಕದ ಯೂಟಾ ರಾಜ್ಯದ ಅಧಿಕಾರಿಯ ಮುಂದೆ ವಿಡಿಯೋ ಕರೆಯಲ್ಲಿ ಆದ ಮದುವೆಯನ್ನೂ ನೋಂದಾಯಿಸಬೇಕೆಂದು 2023ರಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟಿದೆ.