ಆವರ್ತವಿಚಾರ: ಹೊಳೆಯಲ್ಲಿ ನಿಂತ ಗಳವೂ ಅದರ ಮರೆನೀರೂ

ನೀರಿನ ಸುಳಿಗೆ ಸಂಸ್ಕೃತದಲ್ಲಿ ಆವರ್ತವೆಂದು ಹೆಸರು. ಅಮರಸಿಂಹನು ವಾರಿವರ್ಗದಲ್ಲಿ ಅದನ್ನು ಜಲದ ತಿರುಗಾಟವೆಂದು ತಿಳಿಸಿ ಮುಂದೆ ಸಾಗಿದ್ದಾನೆ. ಕೋಶಕಾರನಿಗೆ ಅಷ್ಟು ಸಾಕು. ನೇರವಾಗಿ ಹರಿಯತಕ್ಕ ನೀರು ಏತಕ್ಕೆ ತಿರುಗಬೇಕೆಂಬ ಪ್ರಶ್ನೆ ಕೋಶದ ಎಲ್ಲೆಯ ಆಚೆಗಿನದು. ಒರಟಾದ ಬಂಡೆಗೆ ತಾಗಿ ನೀರು ಕದಡುತ್ತದೆಂದು ಸಾಮಾನ್ಯವಾಗಿ ಸಮಾಧಾನ ಹೇಳುವುದುಂಟು. ಅದು ಅರ್ಧ ಸತ್ಯ, ಉಳಿದರ್ಧವೇ ಮುಖ್ಯವಾದುದು.

ಮುದ್ದೇಬಿಹಾಳ ಸೀಮೆಯ ತಂಗಡಗಿಯು ಕೃಷ್ಣೆಯ ದಡದ ಊರು. ನೀಲಾಂಬಿಕೆಯ ಐಕ್ಯಸ್ಥಳವೆಂದು ಶರಣಸಾಹಿತ್ಯದ ವಾಚಕರಿಗೆ ಅದು ಪರಿಚಿತವೇ. ಹೊಳೆಯ ಮೇಲ್ಗಡೆ ಆಲಮಟ್ಟಿಯ ಅಣೆಕಟ್ಟು, ಕೆಳಗಡೆ ನಾರಾಯಣಪುರದ ಅಣೆಕಟ್ಟು. ಆದುದರಿಂದ ಇಲ್ಲಿಯ ನೀರು ಒಮ್ಮೆ ಸೆಳವಾಗಿಯೂ ಒಮ್ಮೆ ಮಂದವಾಗಿಯೂ ಇರುತ್ತದೆ. ಸೆಕೆಂಡಿಗೆ ಅರ್ಧ ಮೀಟರಿನಂತೆ ಸಾಗುವ ಇಂತಹ ಹೊಳೆಯಲ್ಲಿ 5 ಸೆಂಟಿಮೀಟರು ದಪ್ಪದ ಬಿದಿರುಗಳವೊಂದನ್ನು ನೆಟ್ಟಗೆ ಹಿಡಿದರೆ ಅದು ಕೈಯಲ್ಲಿ ನಡುಗುತ್ತದೆ. ಆ ನಡುಕವು ಮುಖ್ಯವಾಗಿ ಎಡಬಲಕ್ಕೆ. ನೀರು ನೂಕುವುದು ಎದುರಿನಿಂದ, ಗಳ ಅಲುಗುವುದು ಪಕ್ಕಕ್ಕೆ. ಇದೇ ವಿಚಾರಣೀಯವಾದ ಅಂಶ.

ಗಳದ ಹಿಂದೆ ಅದರ ಮರೆಯಲ್ಲಿ ನಿಧಾನವಾಗಿರುವ ನೀರಿಗೆ ಒಂದು ಹೆಸರು ಬೇಕು. ಹಿನ್ನೀರೆನ್ನುವುದೇ ಸಹಜವಾಗಿತ್ತು, ಆದರೆ ಆ ಪದವನ್ನು ಅಣೆಕಟ್ಟುಗಳು ತಮ್ಮದಾಗಿ ಮಾಡಿಕೊಂಡಿವೆ. ಆದುದರಿಂದ ಇಲ್ಲಿ ಮರೆನೀರೆಂದು ವ್ಯವಹರಿಸಲಾಗಿದೆ.

ಮರೆನೀರಿನ ನಡತೆಯನ್ನು ನಿರ್ಣಯಿಸುವುದು ಒಂದು ಸಂಖ್ಯೆ. ವೇಗವನ್ನು ದಪ್ಪದಿಂದ ಗುಣಿಸಿ, ದ್ರವದ ಜಿಗುಟಿನ ಮಾನದಿಂದ ಭಾಗಿಸಿದರೆ ಅದು ದೊರೆಯುತ್ತದೆ. 1883ರಲ್ಲಿ ಕೊಳವೆಗಳ ನೀರನ್ನು ಪರೀಕ್ಷಿಸಿದ ಆಸ್ಬೋರ್ನ್ ರೆನಾಲ್ಡ್ಸನ ಹೆಸರೇ ಅದಕ್ಕೆ ಬಂದಿದೆ. ದುಂಡು ಕಂಬಕ್ಕೆ ಈ ಸಂಖ್ಯೆ ಸುಮಾರು 5ಕ್ಕಿಂತ ಕಡಮೆಯಿದ್ದರೆ ಸೀಳಿದ ನೀರು ಹಿಂದೆ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ಅದನ್ನು ಮೀರಿದರೆ ಎರಡು ಸುಳಿಗಳು ಜೋಡಿಯಾಗಿ ಕಂಬದ ಬೆನ್ನಿಗೆ ಅಂಟಿ ನಿಲ್ಲುತ್ತವೆ. ಸುಮಾರು 47ನ್ನು ದಾಟಿತೆಂದರೆ ಆ ನಿಲುಗಡೆ ಕೆಡುತ್ತದೆ, ಮರೆನೀರು ಬಳುಕತೊಡಗುತ್ತದೆ. ಹೇಳಿದ ಹೊಳೆಯಲ್ಲಿಯೇ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ ನೂಲಿಗೆ ಸಂಖ್ಯೆ 50ರ ಆಸುಪಾಸು, ಎಂದರೆ ಗಡಿಯ ಮೇಲೆಯೇ, ಬಿದಿರುಗಳಕ್ಕಾದರೋ 25,000!

ಇಲ್ಲಿ ಶಂಕೆ: ಈ ಬಳುಕು ಗಳದ ಗಂಟುಗಳಿಂದ ಹುಟ್ಟಿತೆನ್ನಬಾರದೇಕೆ? ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಪ್ರಾಂಟ್ಲನ ಶಿಷ್ಯನಾದ ಹೀಮೆಂಟ್ಸನಿಗೆ ಇದೇ ಶಂಕೆ ಎದುರಾಯಿತು. ಅವನ ನೀರಿನ ಕಾಲುವೆಯಲ್ಲಿ ಪ್ರವಾಹವು ಓಲಾಡುವುದನ್ನು ಬಿಡಲಿಲ್ಲ. ಕಂಬ ದುಂಡಗಿಲ್ಲವೆಂದು ಅದನ್ನು ಇನ್ನಷ್ಟು ದುಂಡಗೆ ಮಾಡಿದರು. ಕಾಲುವೆ ಸಮವಾಗಿಲ್ಲವೆಂದು ಅದನ್ನೂ ತಿದ್ದಿದರು. ಓಲಾಟ ನಿಲ್ಲಲೇ ಇಲ್ಲ. ಅಲ್ಲಿಯೇ ಇದ್ದ ಫಾನ್ ಕಾರ್ಮಾನನು, ದೋಷವು ಕಂಬದ್ದಲ್ಲದೆ ಇರಬಹುದೆಂದು ಊಹಿಸಿ ಗಣಿತಕ್ಕೆ ಕುಳಿತನು. ಎರಡು ಸಾಲಿನ ಸುಳಿಗಳು ಒಂದಕ್ಕೊಂದು ಎದುರುಬದುರಾಗಿ ನಿಲ್ಲಲಾರವು, ಒಂದು ಸಾಲಿನ ಎರಡು ಸುಳಿಗಳ ನಡುವಣ ತೆರಪಿಗೆ ಇನ್ನೊಂದು ಸಾಲಿನ ಸುಳಿ ಬಂದರೆ ಮಾತ್ರ ನಿಲ್ಲುವ ಸಂಭವವುಂಟು ಎಂದು ಅವನು 1911–12ರಲ್ಲಿ ತೋರಿಸಿದನು. ಫ್ರಾನ್ಸಿನ ಬೆನಾರನು 1908ರಲ್ಲಿಯೇ ಇಂತಹ ಸಾಲುಗಳನ್ನು ಕಂಡು ಪ್ರಕಟಿಸಿದ್ದನು. ಕೀರ್ತಿಯ ಹೆಚ್ಚಿನ ಪಾಲು ಕಾರ್ಮಾನನಿಗೆ ಹೋದುದು ಬೇರೆ ಮಾತು.

ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಗಂಟು, ಗಾಳಿ, ಅಲೆ ಇವೆಲ್ಲ ನಿಮಿತ್ತಮಾತ್ರ. ಕಂಬದ ಇಕ್ಕೆಲದಲ್ಲಿ ವೇಗದ ನೀರಿಗೂ ಮರೆನೀರಿಗೂ ನಡುವೆ ಒಂದೊಂದು ತೆಳುಪದರವಿದೆ. ಆ ಪದರವು ತುಸು ಉಬ್ಬಿತೆಂದರೆ, ಉಬ್ಬಿನ ಮೇಲೆ ನೀರು ಬಿರುಸಾಗಿ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡವು ಉಬ್ಬನ್ನು ಇನ್ನಷ್ಟು ಎಳೆಯುತ್ತದೆ. ಜಿಗುಟು ಹೆಚ್ಚಿದ್ದರೆ ಈ ಬೆಳವಣಿಗೆಯನ್ನು ಅಡಗಿಸುತ್ತದೆ, ಇಲ್ಲದಿದ್ದರೆ ಸೋಲುತ್ತದೆ. ಉಬ್ಬು ಹೊಳೆಯೊಡನೆ ಕೊಚ್ಚಿಹೋಗಬಾರದೇಕೆ ಎಂದರೆ, ಕಂಬದ ಬೆನ್ನಿಗೆ ನೀರು ಹಿಮ್ಮುಖವಾಗಿ ಹರಿಯುತ್ತಿರುತ್ತದೆ. ಆದುದರಿಂದ ಕದಲಿಕೆಯು ಹುಟ್ಟಿದಲ್ಲಿಯೇ ನಿಂತು ಬೆಳೆಯುತ್ತದೆ. ಎಡಬಲ ಸಮವಾದ ಶಾಂತಪ್ರವಾಹವು 47ರ ಮೇಲೆಯೂ ಗಣಿತದಲ್ಲಿ ಉಂಟು. ಆದರೆ ಅದು ಅಂಗೈಮೇಲೆ ನಿಲ್ಲಿಸಿದ ಕೋಲಿನಂತೆ, ಇರಬಹುದು, ಬಾಳದು. ಬೆಳವಣಿಗೆಯು ಕೊನೆಯಿಲ್ಲದೆ ನಡೆಯದೆ ಒಂದು ಮಿತಿಗೆ ಬಂದು ನಿಲ್ಲುವ ಬಗೆಯನ್ನು ರಷ್ಯಾದ ಲಾಂಡೌ 1944ರಲ್ಲಿ ಸೂಚಿಸಿದನು. ಕಂಬದ ಮರೆನೀರಿಗೆ ಅದು ಒಪ್ಪುತ್ತದೆಂದು 1987ರಲ್ಲಿ ಫ್ರೆಂಚ್ ಪ್ರಯೋಗಗಳು ತೋರಿದವು.

ಹೀಗೆ ಸುಳಿಗಳು ಎಡಕ್ಕೊಂದು ಬಲಕ್ಕೊಂದರಂತೆ ಕಳಚುವಾಗ ಗಳವು ಸರದಿಯಂತೆ ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಸೆಕೆಂಡಿನ ಓಲಾಟಗಳನ್ನು ದಪ್ಪದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಸುಮಾರು 0.2 ಬರುತ್ತದೆ, 1878ರಲ್ಲಿ ಗಾಳಿಗೆ ಹಾಡುವ ತಂತಿಗಳಿಂದ ಸ್ಟ್ರೌಹಾಲನು ಈ ಸಂಬಂಧದ ಜಾಡು ಹಿಡಿದನು. ನಮ್ಮ ಗಳಕ್ಕೆ ಸೆಕೆಂಡಿಗೆ ಎರಡು ಓಲಾಟ. ಅದು ಮೂರಾದರೆ ನೀರಿನ ವೇಗ ಮುಕ್ಕಾಲು ಮೀಟರಿಗೆ ಏರಿದೆಯೆಂದೇ ಅರ್ಥ.

ಈ ಎಣಿಕೆಯನ್ನು ಸೇತುವೆಯ ಕಂಬಗಳಿಗಾಗಲಿ, ಕೂಡಲಸಂಗಮದಲ್ಲಿ ಐಕ್ಯಲಿಂಗದ ಸುತ್ತ ಎದ್ದಿರುವ ಬಾವಿಯಾಕಾರದ ಗೋಡೆಗಾಗಲಿ ಹಾಗೆಯೇ ಅನ್ವಯಿಸಲಾಗದು. ಅಂತಹ ದಪ್ಪಕ್ಕೆ ರೆನಾಲ್ಡ್ಸನ ಸಂಖ್ಯೆ ಹಲವು ಲಕ್ಷಗಳನ್ನು ಮೀರಬಹುದು. ಆಗ ಗೋಡೆಗೆ ತಗಲಿದ ಪದರವೇ ಕದಡಿ, ಸುಳಿಗಳ ಸರದಿ ಮಸುಕಾಗುತ್ತದೆ. ಬುಡದ ಮಣ್ಣನ್ನು ತೋಡುವುದರಲ್ಲಿ ಮುಂದಾಗುವುದೂ ಕಂಬದ ಎದುರುಬದಿಯಲ್ಲಿ ಲಾಳದಂತೆ ಸುತ್ತಿಕೊಳ್ಳುವ ಇನ್ನೊಂದು ಬಗೆಯ ಆವರ್ತವು; ಅದಕ್ಕೆ ಮರೆನೀರಿನ ಬಳುಕು ಕಾರಣವಲ್ಲ. ಕನ್ನಡದಲ್ಲಿ ಎರಡಕ್ಕೂ ಸುಳಿಯೆಂಬ ಒಂದೇ ಮಾತು ರೂಢಿಯಲ್ಲಿದೆ.